ಜೀನ್ ಕೆಟ್ಟ ಮೇಲೂ ಉಳಿಯುವ ಪ್ರಶ್ನೆ

ಇಂಗ್ಲೆಂಡಿನ ಕೇಂಬ್ರಿಜ್ ಸಮೀಪದ ವೆಲ್‌ಕಮ್ ಸ್ಯಾಂಗರ್ ಸಂಸ್ಥೆಯ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ಒಂದು ಸಂಶೋಧನೆಯ ವಿಧಾನ ಹೇಳುವುದಕ್ಕೆ ಸರಳ, ಮಾಡುವುದಕ್ಕೆ ಬಹಳ ಶ್ರಮದ್ದು. ಮನುಷ್ಯನ ಅನ್ನನಾಳದ ಒಳಪದರವನ್ನು ಬಿಡಿಸಿ ಚಪ್ಪಟೆಯಾಗಿ ಹರಡಿದರು. ಅದನ್ನು ಎರಡೆರಡು ಚದರ ಮಿಲಿಮೀಟರಿನ ಚೂರುಗಳಾಗಿ ಕತ್ತರಿಸಿ, ಒಂದೊಂದು ಚೂರಿನ ಡಿಎನ್‌ಎಯನ್ನೂ ಬೇರೆ ಬೇರೆಯಾಗಿ ಓದಿದರು. ಸತ್ತ ಮೇಲೆ ಅಂಗಾಂಗ ದಾನ ಮಾಡಿದ ಒಂಬತ್ತು ಮಂದಿಯ ಅನ್ನನಾಳಗಳವು. ದಾನಿಗಳ ವಯಸ್ಸು 20ರಿಂದ 75 ವರ್ಷ. ಯಾರಿಗೂ ಅನ್ನನಾಳದ ಕ್ಯಾನ್ಸರ್ ಇರಲಿಲ್ಲ. ಒಟ್ಟು 844 ಚೂರುಗಳಲ್ಲಿ, ಕ್ಯಾನ್ಸರಿಗೆ ಸಂಬಂಧಪಟ್ಟ 74 ಜೀನ್‌ಗಳನ್ನು ಅವರು ಪರೀಕ್ಷಿಸಿದರು.

ಆರೋಗ್ಯವಾಗಿದ್ದ ಆ ಪದರದ ಡಿಎನ್‌ಎಯೊಳಗೆ ಎಲ್ಲೆಲ್ಲೂ ಮ್ಯುಟೇಶನ್‌ಗಳಿದ್ದವು. ಇಪ್ಪತ್ತರ ಹರೆಯದವರಲ್ಲೇ ಒಂದೊಂದು ಜೀವಕೋಶಕ್ಕೆ ನೂರಾರು. ಇಳಿವಯಸ್ಸಿನವರಲ್ಲಿ ಎರಡು ಸಾವಿರವನ್ನೂ ದಾಟಿದ್ದವು. ಅವು ಎಲ್ಲಿ ಬೇಕಾದರಲ್ಲಿ ಬಿದ್ದ ನಿರುಪದ್ರವಿ ಬದಲಾವಣೆಗಳಷ್ಟೇ ಆಗಿರಲಿಲ್ಲ. ಕ್ಯಾನ್ಸರ್ ಗೆಡ್ಡೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಜೀನ್‌ಗಳೇ ಇಲ್ಲೂ ಕೆಟ್ಟಿದ್ದವು. ನಾಚ್1 ಎಂಬ ಜೀನ್ ಕೆಟ್ಟ ಜೀವಕೋಶಗಳಂತೂ ನಡುವಯಸ್ಸು ದಾಟಿದವರ ಅನ್ನನಾಳದ ಶೇ. 12ರಿಂದ ಶೇ. 80ರಷ್ಟು ಜಾಗವನ್ನು ಆಕ್ರಮಿಸಿಕೊಂಡಿದ್ದವು. ಅಂದರೆ ಅರವತ್ತು ದಾಟಿದ ಆರೋಗ್ಯವಂತರೊಬ್ಬರು ನೆಮ್ಮದಿಯಾಗಿ ಊಟ ಮಾಡುತ್ತಿದ್ದಾಗಲೂ ಅವರ ಅನ್ನನಾಳದ ಬಹುಭಾಗ ಮ್ಯುಟೇಶನ್ ಹೊತ್ತ ಜೀವಕೋಶಗಳದ್ದೇ ಆಗಿರಬಹುದು. ಮರುವರ್ಷ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ತಂಡವೂ ಇದನ್ನೇ ಕಂಡಿತು. ಈ ಜೀವಕೋಶಗಳ ಗುಂಪುಗಳು ಎಳೆವಯಸ್ಸಿನಲ್ಲೇ ಹುಟ್ಟಿಕೊಳ್ಳುತ್ತವೆ, ವಯಸ್ಸಾದಂತೆ ಹರಡುತ್ತವೆ. ಅತಿಯಾಗಿ ಕುಡಿಯುವವರಲ್ಲಿ, ಸೇದುವವರಲ್ಲಿ ಹರಡುವಿಕೆ ಇನ್ನೂ ಹೆಚ್ಚು ಎಂದು ಅದು ತೋರಿಸಿತು.

ಇನ್ನೊಂದು ಸಂಗತಿ ಇದಕ್ಕಿಂತ ಅಚ್ಚರಿಯದು. ಅನ್ನನಾಳದ ಒಳಪದರದ ಚಪ್ಪಟೆ ಜೀವಕೋಶಗಳಲ್ಲಿ ಹುಟ್ಟುವ ಸ್ಕ್ವಾಮಸ್ ಕ್ಯಾನ್ಸರ್ ಗೆಡ್ಡೆಗಳನ್ನು ಪರೀಕ್ಷಿಸಿದರೆ ನಾಚ್1 ಕೆಟ್ಟಿರುವುದು ಸುಮಾರು ಶೇ. 10ರಷ್ಟರಲ್ಲಿ ಮಾತ್ರ. ಆರೋಗ್ಯವಂತ ಪದರದಲ್ಲಿ ಹೆಚ್ಚು, ಕ್ಯಾನ್ಸರಿನಲ್ಲಿ ಕಡಿಮೆ! ಟಿಪಿ53 ಎಂಬ ಜೀನಿನದು ಇದಕ್ಕೆ ತದ್ವಿರುದ್ಧ. ಆರೋಗ್ಯವಂತ ಪದರದಲ್ಲಿ ಶೇ. 5ರಿಂದ 10ರಷ್ಟು ಜೀವಕೋಶಗಳಲ್ಲಿ ಅದು ಕೆಟ್ಟಿರುತ್ತದೆ, ಗೆಡ್ಡೆಗಳಲ್ಲಿ ಶೇ. 90ಕ್ಕೂ ಹೆಚ್ಚಿನವುಗಳಲ್ಲಿ ಕೆಟ್ಟಿರುತ್ತದೆ. ದಶಕಗಳಿಂದ ಕ್ಯಾನ್ಸರ್ ಸಂಶೋಧನೆ ನಂಬಿಕೊಂಡು ಬಂದ ಲೆಕ್ಕವೆಂದರೆ, ಗೆಡ್ಡೆಯಲ್ಲಿ ಪದೇ ಪದೇ ಸಿಗುವ ಮ್ಯುಟೇಶನ್ ಆ ಗೆಡ್ಡೆಗೆ ಕಾರಣ ಎಂಬುದು. ಪಕ್ಕದ ಆರೋಗ್ಯವಂತ ಪದರದಲ್ಲೂ ಅದೇ ಮ್ಯುಟೇಶನ್ ಇನ್ನೂ ಹೆಚ್ಚು ಇದ್ದರೆ ಆ ಲೆಕ್ಕ ಪೂರ್ತಿ ಆಗುವುದಿಲ್ಲ.

ಅನ್ನನಾಳ ಮತ್ತು ಜಠರದ ಕ್ಯಾನ್ಸರ್ ಕುರಿತು ಸಾರ್ವಜನಿಕವಾಗಿ ನಡೆಯುವ ಚರ್ಚೆ, ಹೂಡುವ ಹಣ, ಮಾರಾಟಕ್ಕೆ ಬರುವ ಪರೀಕ್ಷೆಗಳು ಎಲ್ಲವೂ ಈಗ 'ಯಾವ ಜೀನ್ ಕೆಟ್ಟಿದೆ' ಎಂಬ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತಿವೆ. ಆ ಪ್ರಶ್ನೆ ಅಗತ್ಯವಾದದ್ದೇ. ಆದರೆ ಕಾಯಿಲೆಯನ್ನು ತಡೆಯಬೇಕೆನ್ನುವವರಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ: ಎಲ್ಲರೊಳಗೂ ಇರುವ ಈ ಕೆಟ್ಟ ಜೀವಕೋಶಗಳಲ್ಲಿ ಕೆಲವನ್ನು ಮಾತ್ರ ಗೆಲ್ಲಿಸುವುದು ಯಾವುದು?

ಸ್ಯಾಂಗರ್ ಸಂಸ್ಥೆಯಲ್ಲಿ ಫಿಲ್ ಜೋನ್ಸ್ ಅವರ ತಂಡ ಇದನ್ನು ಇಲಿಗಳಲ್ಲಿ ಹುಡುಕಿತು. ತಂಬಾಕಿನ ಹೊಗೆಯಲ್ಲೂ ಇರುವ ಒಂದು ನೈಟ್ರೋಸಮೀನ್ ರಾಸಾಯನಿಕವನ್ನು ಕುಡಿಯುವ ನೀರಿನಲ್ಲಿ ಕೊಟ್ಟಾಗ ಇಲಿಗಳ ಅನ್ನನಾಳದಲ್ಲಿ ಸೂಕ್ಷ್ಮ ಗೆಡ್ಡೆಗಳು ಎದ್ದವು. ಆದರೆ ಅವುಗಳಲ್ಲಿ ಹೆಚ್ಚಿನವು ಕಾಲಕ್ರಮೇಣ ತಾವಾಗಿಯೇ ಇಲ್ಲವಾದವು. ರೋಗನಿರೋಧಕ ಶಕ್ತಿಗೆ ಇದರಲ್ಲಿ ಪಾತ್ರವಿರಲಿಲ್ಲ. ಅಕ್ಕಪಕ್ಕದಲ್ಲಿದ್ದ ಇತರ ಮ್ಯುಟೇಶನ್‌ಗಳ ಜೀವಕೋಶಗಳೇ ಒತ್ತರಿಸಿ ಬಂದು, ಎಳೆಯ ಗೆಡ್ಡೆಯನ್ನು ಪದರದಿಂದ ಹೊರಗೆ ತಳ್ಳಿಬಿಟ್ಟಿದ್ದವು. ಹೊಲದಲ್ಲಿ ದಟ್ಟವಾಗಿ ಹಬ್ಬಿದ ಒಂದು ಕಳೆ ಇನ್ನೊಂದು ಕಳೆಗೆ ಬೇರೂರಲು ಜಾಗವನ್ನೇ ಬಿಡದ ಹಾಗೆ. 2021ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. 2023ರಲ್ಲಿ ಅದೇ ಗುಂಪು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನಾಚ್1 ಕಳೆದುಕೊಂಡ ಜೀವಕೋಶಗಳು ಆರೋಗ್ಯವಂತ ಪದರದಲ್ಲಿ ಚೆನ್ನಾಗಿ ಹರಡಿದರೂ ಗೆಡ್ಡೆಯ ಬೆಳವಣಿಗೆಗೆ ಅಡ್ಡಿಯಾಗುತ್ತವೆ ಎಂದು ತೋರಿಸಿತು. ಒಂದೇ ಮ್ಯುಟೇಶನ್ ಒಂದೆಡೆ ಹರಡಲು ನೆರವಾಗುತ್ತದೆ, ಇನ್ನೊಂದೆಡೆ ರೋಗವನ್ನು ತಡೆಯುತ್ತದೆ. ಅದನ್ನು 'ಕೆಟ್ಟ ಜೀನ್' ಎಂದು ಕರೆದು ಪಟ್ಟಿಗೆ ಸೇರಿಸುವುದು ಸುಲಭ. ಆ ಪಟ್ಟಿ ನೋಡಿ ಒಬ್ಬ ವ್ಯಕ್ತಿಯ ಭವಿಷ್ಯ ಹೇಳುವುದು ಸಾಧ್ಯವಿಲ್ಲ.

ಕೆಟ್ಟ ಜೀನ್ ಒಂದೇ ಸಾಲದು ಎಂಬ ಈ ಯೋಚನೆಯ ಬೇರು ಹಳೆಯದು. 1940ರ ದಶಕದ ಆರಂಭದಲ್ಲಿ ಆಕ್ಸ್‌ಫರ್ಡಿನಲ್ಲಿದ್ದ ಐಸಾಕ್ ಬೆರೆನ್‌ಬ್ಲಮ್ ಇಲಿಗಳ ಚರ್ಮಕ್ಕೆ ಕ್ಯಾನ್ಸರಕಾರಕ ರಾಸಾಯನಿಕವನ್ನು ಗೆಡ್ಡೆ ಏಳದಷ್ಟು ಕಡಿಮೆ ಪ್ರಮಾಣದಲ್ಲಿ ಹಚ್ಚಿದರು. ಅದೇ ಜಾಗಕ್ಕೆ ಜಾಪಾಳದ ಎಣ್ಣೆಯನ್ನು ಮತ್ತೆ ಮತ್ತೆ ಹಚ್ಚಿದಾಗ ಗೆಡ್ಡೆಗಳು ಎದ್ದವು. ನಮ್ಮ ಹಳ್ಳಿಗಳಲ್ಲಿ ಭೇದಿಗೆ ಹೆಸರಾದ ಅದೇ ಜಾಪಾಳ. ಆ ಎಣ್ಣೆಗೆ ತಾನಾಗಿ ಮ್ಯುಟೇಶನ್ ಮಾಡುವ ಶಕ್ತಿ ಇಲ್ಲ. ಅದು ಉರಿ ಎಬ್ಬಿಸುತ್ತದೆ, ಗಾಯ ಮಾಡುತ್ತದೆ, ಜೀವಕೋಶಗಳು ಅವಸರದಿಂದ ವಿಭಜನೆಯಾಗುವಂತೆ ಮಾಡುತ್ತದೆ. ಜೀನುಗಳ ಯುಗದ ಉತ್ಸಾಹದಲ್ಲಿ ಈ ಎರಡನೆಯ ಹಂತ ಬಹುಕಾಲ ಹಿಂದೆ ಸರಿದಿತ್ತು.

ಅದನ್ನು ಮತ್ತೆ ಮುನ್ನೆಲೆಗೆ ತಂದದ್ದು ಅನ್ನನಾಳದ ಕ್ಯಾನ್ಸರೇ. ಈ ರೋಗದ ಭೂಗೋಳ ವಿಚಿತ್ರವಾದದ್ದು. ಚೀನಾದ ಹೆನಾನ್ ಪ್ರಾಂತ್ಯದ ಕೆಲವು ಕೌಂಟಿಗಳು, ಕ್ಯಾಸ್ಪಿಯನ್ ಸಮುದ್ರದ ಮಗ್ಗುಲಿನ ಇರಾನಿನ ಗೋಲೆಸ್ತಾನ್, ಪೂರ್ವ ಆಫ್ರಿಕಾದ ಕೀನ್ಯಾ, ಮಲಾವಿ ಇಲ್ಲೆಲ್ಲ ಅದರ ಹಾವಳಿ ವಿಪರೀತ. ಬೇರೆಡೆ ತೀರ ಕಡಿಮೆ. ಇಷ್ಟು ವ್ಯತ್ಯಾಸಕ್ಕೆ ಆಯಾ ಊರಿನ ಯಾವುದೋ ವಿಷ ಕಾರಣವಿರಬೇಕು, ಆ ವಿಷ ಡಿಎನ್‌ಎಯ ಮೇಲೆ ತನ್ನ ಗುರುತು ಬಿಟ್ಟಿರಬೇಕು ಎಂಬುದು ವಿಜ್ಞಾನಿಗಳ ನಿರೀಕ್ಷೆಯಾಗಿತ್ತು. ಸಿಗರೇಟಿನ ಹೊಗೆ ಶ್ವಾಸಕೋಶದಲ್ಲಿ, ಬಿಸಿಲು ಚರ್ಮದಲ್ಲಿ ಅಂಥ ಗುರುತು ಬಿಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ ಮತ್ತು ಸ್ಯಾಂಗರ್ ಸಂಸ್ಥೆ ಜೊತೆಯಾಗಿ ಎಂಟು ದೇಶಗಳ 552 ರೋಗಿಗಳ ಗೆಡ್ಡೆಗಳ ಸಂಪೂರ್ಣ ಜೀನೋಮ್ ಓದಿದವು. ಫಲಿತಾಂಶ 2021ರಲ್ಲಿ ಹೊರಬಂತು. ರೋಗ ಹೆಚ್ಚಿರುವ ದೇಶದ ಗೆಡ್ಡೆಗೂ ಕಡಿಮೆ ಇರುವ ದೇಶದ ಗೆಡ್ಡೆಗೂ ಮ್ಯುಟೇಶನ್‌ಗಳ ಮಾದರಿ ಬಹುಮಟ್ಟಿಗೆ ಒಂದೇ ಆಗಿತ್ತು. ತಂಬಾಕು, ಮದ್ಯ, ಅಫೀಮಿನ ಕೆಲವು ಕುರುಹುಗಳು ಸಿಕ್ಕವು. ಆದರೆ ಒಂದು ಊರಿನಲ್ಲಿ ಅಷ್ಟೊಂದು ಜನ, ಇನ್ನೊಂದು ಊರಿನಲ್ಲಿ ಇಷ್ಟೇ ಜನ ಏಕೆ ಎಂಬುದನ್ನು ವಿವರಿಸುವ ಗುರುತು ಸಿಗಲಿಲ್ಲ.

ಇದು ಸೋತ ಸಂಶೋಧನೆಯಂತೆ ತೋರಬಹುದು. ವಾಸ್ತವದಲ್ಲಿ ಇತ್ತೀಚಿನ ವರ್ಷಗಳ ಅತ್ಯಂತ ಉಪಯುಕ್ತ ಫಲಿತಾಂಶಗಳಲ್ಲಿ ಇದೂ ಒಂದು, ಏಕೆಂದರೆ ಗುರುತು ಬಿಡದ ಕಾರಣಗಳತ್ತಲೂ ನೋಡಬೇಕೆಂದು ಅದು ಹೇಳಿತು. ಗೋಲೆಸ್ತಾನಿನಲ್ಲಿ ಐವತ್ತು ಸಾವಿರ ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದಿದೆ. 60 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಬಿಸಿಯಾದ ಚಹಾವನ್ನು ದಿನಕ್ಕೆ 700 ಮಿಲಿಲೀಟರಿನಷ್ಟು ಕುಡಿಯುವವರಿಗೆ ಅನ್ನನಾಳದ ಕ್ಯಾನ್ಸರಿನ ಅಪಾಯ, ಆರಿಸಿಕೊಂಡು ಕಡಿಮೆ ಕುಡಿಯುವವರಿಗಿಂತ ಶೇ. 90ರಷ್ಟು ಹೆಚ್ಚು ಎಂದು ಅದು ಕಂಡುಕೊಂಡಿತು. 65 ಡಿಗ್ರಿ ಮೀರಿದ ಪಾನೀಯಗಳನ್ನು ಐಎಆರ್‌ಸಿ 2016ರಲ್ಲಿ 'ಬಹುಶಃ ಕ್ಯಾನ್ಸರಕಾರಕ' ಎಂಬ ವರ್ಗಕ್ಕೆ ಸೇರಿಸಿತು. ಬಿಸಿಯು ಡಿಎನ್‌ಎಯ ಅಕ್ಷರಗಳನ್ನು ತಿದ್ದಿ ಗುರುತು ಬಿಡುವುದಿಲ್ಲ. ಅದು ಪದರವನ್ನು ಸುಡುತ್ತದೆ, ಪದರ ತನ್ನನ್ನು ರಿಪೇರಿ ಮಾಡಿಕೊಳ್ಳುತ್ತದೆ, ಮರುದಿನ ಮತ್ತೆ ಸುಡುತ್ತದೆ. ಆ ರಿಪೇರಿಯ ಅವಸರದಲ್ಲಿ ಟಿಪಿ53 ಕೆಟ್ಟ ಜೀವಕೋಶಕ್ಕೆ ಅವಕಾಶ ಸಿಕ್ಕರೆ ಅಚ್ಚರಿಯಿಲ್ಲ. ಗೆಡ್ಡೆಯ ಡಿಎನ್‌ಎಯನ್ನು ಮಾತ್ರ ಓದುತ್ತ ಕುಳಿತವರಿಗೆ ಈ ಚಹಾ ಯಾವತ್ತೂ ಕಾಣಿಸುವುದಿಲ್ಲ. ಅದು ಕಂಡದ್ದು ಥರ್ಮಾಮೀಟರ್ ಹಿಡಿದು ಲೋಟದ ಬಿಸಿ ಅಳೆದವರಿಗೆ.

ಇದಕ್ಕೆ ಎದುರಾಗಿ ಗಟ್ಟಿಯಾದ ಒಂದು ವಾದ ನ್ಯೂಜಿಲೆಂಡಿನಿಂದ ಬರುತ್ತದೆ. ಅದನ್ನು ಬದಿಗೆ ಸರಿಸಿ ಮುಂದೆ ಹೋಗುವಂತಿಲ್ಲ.

ಅಲ್ಲಿನ ಟೌರಂಗಾ ಪಟ್ಟಣದ ಸುತ್ತಮುತ್ತ ಬೇರು ಬಿಟ್ಟ ಒಂದು ದೊಡ್ಡ ಮಾವೋರಿ ಕುಟುಂಬದಲ್ಲಿ ತಲೆಮಾರಿನಿಂದ ತಲೆಮಾರಿಗೆ ಎಳೆಯರು ಜಠರದ ಕ್ಯಾನ್ಸರಿನಿಂದ ಸಾಯುತ್ತಿದ್ದರು. ಮೂವತ್ತು ವರ್ಷಗಳಲ್ಲಿ ಇಪ್ಪತ್ತೈದು ಮಂದಿ ತೀರಿಕೊಂಡಿದ್ದರು. ಹೆಚ್ಚಿನವರು ನಲವತ್ತು ಮುಟ್ಟಿರಲಿಲ್ಲ, ಒಬ್ಬರಿಗೆ ಕೇವಲ ಹದಿನಾಲ್ಕು. ಮನೆತನಕ್ಕೆ ಯಾವುದೋ ಶಾಪ ತಗುಲಿದೆ ಎಂದು ನಂಬಿದವರೂ ಇದ್ದರು. ಕೊನೆಗೆ ಆ ಕುಟುಂಬದವರೇ ವಿಜ್ಞಾನಿಗಳ ಬಾಗಿಲು ತಟ್ಟಿದರು. ಒಟಾಗೋ ವಿಶ್ವವಿದ್ಯಾಲಯದ ಪ್ಯಾರಿ ಗಿಲ್ಫರ್ಡ್ ಅವರ ತಂಡ ಕುಟುಂಬದೊಂದಿಗೆ ಕೂತು ವಂಶವೃಕ್ಷ ಬರೆದು, ರಕ್ತದ ಮಾದರಿ ಪಡೆದು, 1998ರಲ್ಲಿ ಕಾರಣ ಪತ್ತೆ ಮಾಡಿತು. ಸಿಡಿಎಚ್1 ಎಂಬ ಜೀನಿನಲ್ಲಿ ಹುಟ್ಟಿನಿಂದಲೇ ಬಂದ ಮ್ಯುಟೇಶನ್ ಅದು. ಆ ಜೀನ್ ತಯಾರಿಸುವ ಇ-ಕ್ಯಾಡೆರಿನ್ ಎಂಬ ಪ್ರೋಟೀನು ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿಡುತ್ತದೆ. ಅದು ಇಲ್ಲವಾದರೆ ಜೀವಕೋಶಗಳು ಕಳಚಿಕೊಂಡು ಜಠರದ ಗೋಡೆಯೊಳಗೆ ಒಂದೊಂದಾಗಿ ನುಸುಳುತ್ತವೆ. ಗೆಡ್ಡೆ ಕಟ್ಟದೆ ಹಬ್ಬುವ ಈ ಬಗೆಯನ್ನು ಎಂಡೋಸ್ಕೋಪಿಯಲ್ಲಿ ಹಿಡಿಯುವುದು ಕಷ್ಟ. ಹಾಗಾಗಿ ಮ್ಯುಟೇಶನ್ ಇರುವವರಿಗೆ ವೈದ್ಯರು ಕೊಡುವ ಸಲಹೆ ಎದೆ ನಡುಗಿಸುವಂಥದು: ಕ್ಯಾನ್ಸರ್ ಬರುವ ಮೊದಲೇ ಇಡೀ ಜಠರವನ್ನು ತೆಗೆಸಿಬಿಡಿ.

ಜಠರ ತೆಗೆದ ಮೇಲೆ ಅನ್ನನಾಳದ ತುದಿಯನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸುತ್ತಾರೆ. ಆಮೇಲೆ ಒಂದು ಹೊತ್ತಿನ ತುಂಬು ಊಟ ಎಂಬುದು ಇರುವುದಿಲ್ಲ. ದಿನಕ್ಕೆ ಐದಾರು ಸಲ, ಸ್ವಲ್ಪಸ್ವಲ್ಪ, ನಿಧಾನವಾಗಿ ಅಗಿದು ನುಂಗಬೇಕು. ಬಿ12 ಜೀವಸತ್ವವನ್ನು ಬದುಕಿರುವವರೆಗೂ ಹೊರಗಿನಿಂದ ಕೊಡಬೇಕು. ಆ ಕುಟುಂಬದ ಅನೇಕರು ಇದನ್ನು ಒಪ್ಪಿಕೊಂಡರು. ಆ ಪರೀಕ್ಷೆ, ಆ ಶಸ್ತ್ರಚಿಕಿತ್ಸೆ ಇಲ್ಲದೆ ಹೋಗಿದ್ದರೆ ಇಂದು ಬದುಕಿರುವ ಹಲವರು ಇರುತ್ತಿರಲಿಲ್ಲ. ಜೀನ್ ಪರೀಕ್ಷೆಯನ್ನು ಹಗುರವಾಗಿ ಕಾಣುವವರು ಮೊದಲು ಈ ಚರಿತ್ರೆಯನ್ನು ಓದಬೇಕು.

ಹಾಗಿದ್ದೂ ಸಿಡಿಎಚ್1 ಕತೆಯೊಳಗೇ ಇನ್ನೊಂದು ಎಳೆ ಇದೆ. ಹೀಗೆ ಮುಂಜಾಗ್ರತೆಗೆ ತೆಗೆದ ಜಠರಗಳನ್ನು ಪೆಥಾಲಜಿಸ್ಟರು ಪದರ ಪದರವಾಗಿ ಕತ್ತರಿಸಿ ನೋಡಿದಾಗ, ಬಹುಪಾಲು ಎಲ್ಲದರಲ್ಲೂ ಕ್ಯಾನ್ಸರಿನ ಸೂಕ್ಷ್ಮ ಚುಕ್ಕೆಗಳು ಸಿಕ್ಕವು, ಕೆಲವದರಲ್ಲಿ ನೂರಾರು. ಅಷ್ಟು ಚುಕ್ಕೆಗಳಿದ್ದೂ ಜಠರ ತೆಗೆಸಿಕೊಂಡವರು ಆರೋಗ್ಯವಾಗಿದ್ದರು. ಹೆಚ್ಚಿನ ಚುಕ್ಕೆಗಳು ವರ್ಷಗಟ್ಟಲೆ ಅಲ್ಲಾಡದೆ ಮಲಗಿರುತ್ತವೆ. ಅಪಾಯದ ಲೆಕ್ಕವೂ ಬದಲಾಗಿದೆ. ತುಂಬ ಜನ ಸತ್ತ ಕುಟುಂಬಗಳನ್ನಷ್ಟೇ ಅಧ್ಯಯನ ಮಾಡಿದಾಗ ಗಂಡಸರಿಗೆ ಜೀವಮಾನದ ಅಪಾಯ ಶೇ. 70ರಷ್ಟು ಎಂದು ಅಂದಾಜಾಗಿತ್ತು. ಬೇರೆ ಬೇರೆ ಕಾರಣಗಳಿಗೆ ಪರೀಕ್ಷೆ ಮಾಡಿಸಿಕೊಂಡವರನ್ನೂ ಸೇರಿಸಿ 2019ರಲ್ಲಿ ಲೆಕ್ಕ ಹಾಕಿದಾಗ ಅದು ಗಂಡಸರಲ್ಲಿ ಶೇ. 42, ಹೆಂಗಸರಲ್ಲಿ ಶೇ. 33 ಎಂದಾಯಿತು. ಈಗಲೂ ಭಯಂಕರವಾದ ಅಂಕಿಯೇ. ಆದರೆ ಅತ್ಯಂತ ಬಲಶಾಲಿ ಎನಿಸಿದ ಮ್ಯುಟೇಶನ್ ಇದ್ದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ಕ್ಯಾನ್ಸರ್ ಬಾರದೆ ಉಳಿಯಬಹುದು ಎಂಬುದನ್ನೂ ಅದೇ ಅಂಕಿ ಹೇಳುತ್ತಿದೆ.

ಜಪಾನಿನ ರಿಕೆನ್ ಸಂಸ್ಥೆಯ ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದ ಅಧ್ಯಯನ ಜೀನು ಮತ್ತು ಪರಿಸರ ಹೇಗೆ ಕೈಜೋಡಿಸುತ್ತವೆ ಎಂಬುದನ್ನು ಇನ್ನೂ ಸ್ಪಷ್ಟವಾಗಿ ತೋರಿಸಿತು. ಡಿಎನ್‌ಎ ರಿಪೇರಿ ಮಾಡುವ ಬಿಆರ್‌ಸಿಎ1, ಬಿಆರ್‌ಸಿಎ2 ಮೊದಲಾದ ಜೀನ್‌ಗಳಲ್ಲಿ ಹುಟ್ಟು ದೋಷವಿದ್ದು, ಜಠರದಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾವೂ ಇದ್ದವರಿಗೆ 85 ವರ್ಷದ ಹೊತ್ತಿಗೆ ಜಠರದ ಕ್ಯಾನ್ಸರ್ ಬರುವ ಸಂಭವ ಶೇ. 45.5. ಬ್ಯಾಕ್ಟೀರಿಯಾ ಇದ್ದು ಜೀನ್ ಸರಿಯಿದ್ದವರಲ್ಲಿ ಶೇ. 14.4. ಬ್ಯಾಕ್ಟೀರಿಯಾ ಇಲ್ಲದಿದ್ದರೆ ಜೀನ್ ಹೇಗಿದ್ದರೂ ಅಪಾಯ ತೀರ ಕಡಿಮೆ. ಜೀನನ್ನು ಬದಲಿಸಲಾಗದು. ಬ್ಯಾಕ್ಟೀರಿಯಾವನ್ನು ಒಂದೆರಡು ವಾರಗಳ ಮಾತ್ರೆಗಳಿಂದ ಓಡಿಸಬಹುದು. ತೈವಾನಿನ ಮಾತ್ಸು ದ್ವೀಪಗಳಲ್ಲಿ 2004ರಿಂದ ಸೋಂಕಿತರಿಗೆಲ್ಲ ಸಾಮೂಹಿಕವಾಗಿ ಚಿಕಿತ್ಸೆ ಕೊಟ್ಟಾಗ ಜಠರದ ಕ್ಯಾನ್ಸರ್ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಅಲ್ಲಿ ಯಾರ ಜೀನೋಮನ್ನೂ ಓದಬೇಕಾಗಿ ಬರಲಿಲ್ಲ.

ಕ್ಯಾನ್ಸರ್ ಪತ್ತೆಯಾದ ಮೇಲೆ ಮಾತ್ರ ಲೆಕ್ಕವೇ ಬೇರೆ. ಆಗ ಗೆಡ್ಡೆಯ ಜೀನ್‌ಗಳನ್ನು ಓದದೆ ಚಿಕಿತ್ಸೆ ಕೊಡುವುದು ಕತ್ತಲಲ್ಲಿ ಕೈಯಾಡಿಸಿದಂತೆ. ಹರ್2 ಜೀನಿನ ಪ್ರತಿಗಳು ಹೆಚ್ಚಾಗಿರುವ ಜಠರದ ಕ್ಯಾನ್ಸರಿಗೆ ಟ್ರಾಸ್ಟುಜುಮ್ಯಾಬ್ ಔಷಧ ಸೇರಿಸಿದಾಗ ರೋಗಿಗಳ ಮಧ್ಯಮ ಆಯುಸ್ಸು 11.1 ತಿಂಗಳಿಂದ 13.8 ತಿಂಗಳಿಗೆ ಏರಿತೆಂದು 2010ರ ಅಧ್ಯಯನ ತೋರಿಸಿತು. ಮೂರು ತಿಂಗಳೂ ಇಲ್ಲವಲ್ಲ ಎನ್ನುವವರು ಆ ಮೂರು ತಿಂಗಳಲ್ಲಿ ಮಗಳ ಮದುವೆ ನೋಡಿದವರನ್ನು ನೆನೆಯಲಿ. ಡಿಎನ್‌ಎಯ ತಪ್ಪು ತಿದ್ದುವ ವ್ಯವಸ್ಥೆಯೇ ಕುಸಿದ ಗೆಡ್ಡೆಗಳಲ್ಲಿ ಇಮ್ಯುನೋಥೆರಪಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ರೋಗಿಯ ಗೆಡ್ಡೆಗೆ ಮಾಡುವ ಈ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲೂ ಕೈಗೆಟಕುವಂತಾಗಬೇಕು.

ಆಕ್ಷೇಪವಿರುವುದು ಆರೋಗ್ಯವಂತರಿಗೆ ಭವಿಷ್ಯ ಹೇಳುವ ಪರೀಕ್ಷೆಗಳ ಬಗ್ಗೆ. ಕುಟುಂಬದಲ್ಲಿ ಎಳೆಯರಿಗೆ ಈ ಕ್ಯಾನ್ಸರ್ ಬಂದ ಚರಿತ್ರೆ ಇದ್ದರೆ ಹುಟ್ಟು ಮ್ಯುಟೇಶನ್ ಪರೀಕ್ಷಿಸಲೇಬೇಕು. ಅಂಥ ಚರಿತ್ರೆ ಇಲ್ಲದವರಿಗೆ, ಹಣ ಕೊಟ್ಟು ಪಡೆದ ವರದಿಯಲ್ಲಿ ಯಾವುದೋ ಜೀನಿನ ಹೆಸರು ಕೆಂಪಕ್ಷರದಲ್ಲಿ ಬಂದರೆ ನಿದ್ದೆ ಕೆಡುತ್ತದೆ. ಬಾರದಿದ್ದರೆ ಅದಕ್ಕಿಂತ ಅಪಾಯ, ಏಕೆಂದರೆ 'ನನ್ನ ಜೀನು ಸರಿಯಿದೆ' ಎಂಬ ಧೈರ್ಯದಲ್ಲಿ ಜರ್ದಾ ಮುಂದುವರಿಯುತ್ತದೆ. ಅನ್ನನಾಳದ ಜೀವಕೋಶಗಳನ್ನು ಕೆರೆದು ಟಿಪಿ53 ಕೆಟ್ಟಿದೆ ಎಂದು ತೋರಿಸುವುದು ಕಷ್ಟವೇನಲ್ಲ. ಎಷ್ಟೋ ಆರೋಗ್ಯವಂತರಲ್ಲಿ ಅದು ಕೆಟ್ಟೇ ಇರುತ್ತದೆ ಎಂಬುದನ್ನು ಆ 844 ಚೂರುಗಳು ಆಗಲೇ ತೋರಿಸಿವೆ.

ಕರ್ನಾಟಕಕ್ಕೆ ಈ ಮಾತು ನೇರವಾಗಿ ತಾಗುತ್ತದೆ. ಪಶ್ಚಿಮದ ದೇಶಗಳಲ್ಲಿ ಬೊಜ್ಜು ಮತ್ತು ಆಮ್ಲ ಉಕ್ಕುವಿಕೆಯಿಂದ ಬರುವ ಅಡಿನೋಕಾರ್ಸಿನೋಮ ಎಂಬ ಬಗೆಯ ಅನ್ನನಾಳದ ಕ್ಯಾನ್ಸರ್ ಹೆಚ್ಚು. ನಮ್ಮಲ್ಲಿ ಹೆಚ್ಚಿರುವುದು ಸ್ಕ್ವಾಮಸ್ ಬಗೆ, ತಂಬಾಕು, ಮದ್ಯ, ಎಲೆಅಡಿಕೆಗಳ ಜೊತೆ ಹೆಣೆದುಕೊಂಡಿರುವಂಥದು. ತಂಬಾಕು ಸೇರಿಸದ ಎಲೆಅಡಿಕೆ ಕೂಡ ಬಾಯಿ ಮತ್ತು ಅನ್ನನಾಳದ ಕ್ಯಾನ್ಸರಿಗೆ ಕಾರಣ ಎಂದು ಐಎಆರ್‌ಸಿ ತೀರ್ಮಾನಿಸಿದೆ. ಅಡಿಕೆಯನ್ನು ಅದು 2004ರಲ್ಲೇ ಮೊದಲ ವರ್ಗದ ಕ್ಯಾನ್ಸರಕಾರಕ ಎಂದಿತ್ತು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯಕ್ಕೆ ಇದು ಕಹಿ ಸುದ್ದಿ. ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡದ ಬೆಳೆಗಾರರ ಆತಂಕ ನಿಜವಾದದ್ದು; ಮಕ್ಕಳ ಓದು, ಮನೆಯ ಸಾಲ ಎಲ್ಲ ಆ ಅಡಿಕೆ ಗೊನೆಯ ಮೇಲೇ ನಿಂತಿದೆ. ಅವರಿಗೆ ಬೇಕಾಗಿರುವುದು ಬೇರೆ ಬೆಳೆಗೆ, ಬೇರೆ ಬಳಕೆಗೆ ದಾರಿ ತೋರಿಸುವ ದೀರ್ಘ ಯೋಜನೆ. ಸಾಕ್ಷ್ಯವನ್ನೇ ಅಲ್ಲಗಳೆಯುವ ರಾಜಕಾರಣದಿಂದ ಅವರಿಗೂ ಒಳಿತಿಲ್ಲ, ಅಗಿಯುವವರಿಗೂ ಒಳಿತಿಲ್ಲ.

ಗುಟ್ಕಾವನ್ನು ರಾಜ್ಯ ಸರ್ಕಾರ 2013ರಲ್ಲಿ ನಿಷೇಧಿಸಿತು. ಇಂದು ಯಾವುದೇ ಬೀಡಾ ಅಂಗಡಿಯ ಮುಂದೆ ಐದು ನಿಮಿಷ ನಿಂತರೆ ಕಾಣುವುದು ಇಷ್ಟು: ಗಿರಾಕಿ ಎರಡು ಸ್ಯಾಷೆ ಕೊಳ್ಳುತ್ತಾನೆ, ಒಂದರಲ್ಲಿ ಪಾನ್ ಮಸಾಲಾ, ಇನ್ನೊಂದರಲ್ಲಿ ತಂಬಾಕು. ಎರಡನ್ನೂ ಹಲ್ಲಿನಲ್ಲಿ ಹರಿದು, ಒಂದರೊಳಗೆ ಇನ್ನೊಂದನ್ನು ಸುರಿದು, ಕುಲುಕಿ, ತಲೆ ಹಿಂದಕ್ಕೆ ಬಾಗಿಸಿ ಬಾಯಿಗೆ ಹಾಕಿಕೊಳ್ಳುತ್ತಾನೆ. ಅವನ ಅನ್ನನಾಳದಲ್ಲಿ ಎಂಥ ಮ್ಯುಟೇಶನ್‌ಗಳಿವೆ ಎಂದು ಕೇಳುವ ಅಗತ್ಯವಿಲ್ಲ. ಇದ್ದೇ ಇವೆ. ಅವುಗಳಲ್ಲಿ ಅಪಾಯಕಾರಿಯಾದದ್ದಕ್ಕೆ ಪ್ರತಿದಿನ ಅನುಕೂಲ ಮಾಡಿಕೊಡುತ್ತಿರುವ ವಸ್ತು ಅವನ ಅಂಗೈಯಲ್ಲಿದೆ.

ಇಂಥವರು ಆಸ್ಪತ್ರೆಗೆ ಬರುವುದು ಗಟ್ಟಿ ಆಹಾರ ಇಳಿಯದಾದಾಗ. ಮೊದಲು ಮುದ್ದೆ, ರೊಟ್ಟಿ ಸಿಕ್ಕಿಕೊಳ್ಳುತ್ತದೆ, ಆಮೇಲೆ ಅನ್ನ, ಕೊನೆಗೆ ಗಂಜಿ. ಅಷ್ಟರಲ್ಲಿ ಅನ್ನನಾಳದ ಒಳದಾರಿ ಬಹುಪಾಲು ಮುಚ್ಚಿರುತ್ತದೆ. ಅದಕ್ಕಿಂತ ವರ್ಷಗಳ ಮೊದಲೇ ಹಿಡಿಯುವ ಒಂದು ವಿಧಾನ ಚೀನಾದ ಹೆಬೇ ಪ್ರಾಂತ್ಯದ ಸಿಶಿಯಾನ್ ಕೌಂಟಿಯಲ್ಲಿ ಪರೀಕ್ಷೆಗೆ ಒಳಗಾಗಿದೆ. ಎಂಡೋಸ್ಕೋಪಿನ ಮೂಲಕ ಅನ್ನನಾಳದ ಒಳಗೆ ಅಯೋಡಿನ್ ದ್ರಾವಣ ಸಿಂಪಡಿಸುತ್ತಾರೆ. ಆರೋಗ್ಯವಂತ ಜೀವಕೋಶಗಳಲ್ಲಿ ಗ್ಲೈಕೋಜೆನ್ ಸಂಗ್ರಹವಿರುವುದರಿಂದ ಪದರ ಕಂದು ಬಣ್ಣಕ್ಕೆ ತಿರುಗುತ್ತದೆ. ಕ್ಯಾನ್ಸರಿನತ್ತ ಹೊರಟ ಜಾಗ ಬಣ್ಣ ಹೀರದೆ ಪೇಲವವಾಗಿ ಉಳಿಯುತ್ತದೆ. ಅಲ್ಲಿಂದ ಚೂರು ತೆಗೆದು ಪರೀಕ್ಷಿಸಿ, ಅಗತ್ಯವಿದ್ದರೆ ಆ ಭಾಗವನ್ನು ಎಂಡೋಸ್ಕೋಪಿನಿಂದಲೇ ತೆಗೆದುಹಾಕುತ್ತಾರೆ. 40ರಿಂದ 69 ವರ್ಷದವರಿಗೆ ಒಂದೇ ಒಂದು ಬಾರಿ ಹೀಗೆ ಮಾಡಿದ ಹಳ್ಳಿಗಳಲ್ಲಿ ಹತ್ತು ವರ್ಷಗಳ ಅವಧಿಯಲ್ಲಿ ಅನ್ನನಾಳದ ಕ್ಯಾನ್ಸರಿನಿಂದ ಸತ್ತವರು ಶೇ. 3.35, ಮಾಡದ ಹಳ್ಳಿಗಳಲ್ಲಿ ಶೇ. 5.05. ನಮ್ಮಲ್ಲಿ ರೋಗದ ಪ್ರಮಾಣ ಅಲ್ಲಿನಷ್ಟಿಲ್ಲವಾದ್ದರಿಂದ ಎಲ್ಲರಿಗೂ ಈ ಪರೀಕ್ಷೆ ಮಾಡುವುದು ಸರಿಯಲ್ಲ. ಆದರೆ ಇಪ್ಪತ್ತು ವರ್ಷಗಳಿಂದ ತಂಬಾಕು ಜಗಿಯುತ್ತ, ಜೊತೆಗೆ ಕುಡಿಯುತ್ತ ಬಂದ ನಲವತ್ತೈದರ ವ್ಯಕ್ತಿಯನ್ನು ನುಂಗುವ ತೊಂದರೆ ಶುರುವಾಗುವ ಮೊದಲೇ ಕರೆದು ಕೂರಿಸಲು ಬೇಕಾದದ್ದು ಒಂದು ಎಂಡೋಸ್ಕೋಪ್, ಒಂದು ಬಾಟಲಿ ಅಯೋಡಿನ್, ಚೂರು ಓದಬಲ್ಲ ಒಬ್ಬ ಪೆಥಾಲಜಿಸ್ಟ್, ಜೊತೆಗೆ ಮನೆಮನೆಗೆ ಹೋಗಿ ಆತನ ಹೆಸರು ಬರೆದುಕೊಂಡು ಬರುವ ಒಬ್ಬ ಆಶಾ ಕಾರ್ಯಕರ್ತೆ.